ತಾವೇ ಕೂಗಿಕೊಂಡ ಜೈಕಾರ: ಡೇಟನ್ನಿನ ಪೊಲಾರ್ಡ್ ಮೇಷ್ಟ್ರ ಹಾಡಿನ ಕಥೆ

ಆ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಇಟ್ಟ ಕೂಡಲೇ ಕಿವಿಗೆ ಬೀಳುವುದು ಜನರ ಗದ್ದಲ. ಬ್ಯಾಂಡಿನ ಹೆಸರಿನ ಮೂರು ಅಕ್ಷರಗಳನ್ನು ಗುಂಪೊಂದು ಒಂದೇ ಸಮನೆ ಕೂಗುತ್ತದೆ. ಮೈದಾನ ತುಂಬಿದೆ, ನೆಚ್ಚಿನ ಹಾಡುಗಾರರು ಇನ್ನೇನು ವೇದಿಕೆಗೆ ಬರುತ್ತಾರೆ ಅನ್ನಿಸುತ್ತದೆ. ಆಮೇಲೆ ಗಿಟಾರು, ಆಮೇಲೆ ಹಾಡು.

ಅಲ್ಲಿ ಮೈದಾನವೂ ಇರಲಿಲ್ಲ, ಜನರೂ ಇರಲಿಲ್ಲ. ಕೂಗಿದವರು ಬ್ಯಾಂಡಿನವರೇ. ಅದು 1992ನೇ ಇಸವಿ. ಅವರನ್ನು ಅವರ ಊರಿನಲ್ಲೇ ಕೇಳುವವರು ಇರಲಿಲ್ಲ. ವರ್ಷಗಳಿಂದ ವೇದಿಕೆ ಹತ್ತಿರಲಿಲ್ಲ. ಇದೇ ಕೊನೆಯ ಆಲ್ಬಂ, ಇಲ್ಲಿಗೆ ಸಾಕು ಎಂದು ತೀರ್ಮಾನ ಮಾಡಿಕೊಂಡಿದ್ದರು. ಹೋಗುವಾಗ ಜೈಕಾರ ಹಾಕುವವರು ಯಾರೂ ಇಲ್ಲದ್ದರಿಂದ ತಮ್ಮ ಜೈಕಾರವನ್ನು ತಾವೇ ಹಾಕಿಕೊಂಡರು.

ಎರಡು ವರ್ಷ ಕಳೆಯುವುದರೊಳಗೆ ಅದೇ ಮೂರು ಅಕ್ಷರಗಳನ್ನು ನಿಜವಾದ ಜನ ಕೂಗತೊಡಗಿದರು. ಆಮೇಲೆ ಆ ಬ್ಯಾಂಡಿನ ಕಾರ್ಯಕ್ರಮ ಎಂದರೆ ಆ ಕೂಗು ಇರಲೇಬೇಕು ಎಂಬಂತಾಯಿತು.

ಆ ಬ್ಯಾಂಡಿನ ಹೆಸರು ‘ಗೈಡೆಡ್ ಬೈ ವಾಯ್ಸಸ್’. ದನಿಗಳು ತೋರಿದ ದಾರಿಯಲ್ಲಿ ನಡೆದವರು ಎಂದು ಅರ್ಥ ಮಾಡಿಕೊಳ್ಳಬಹುದು. ಅದರ ಮುಂದಾಳು, ಹಾಡು ಬರೆಯುವವರು, ಹಾಡುವವರು ರಾಬರ್ಟ್ ಪೊಲಾರ್ಡ್. ಹೆಸರು ಕೇಳಿ ಕ್ರಿಕೆಟ್ಟಿನ ಪೊಲಾರ್ಡ್ ಅಂದುಕೊಳ್ಳಬೇಡಿ. ಇವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಹದಿನಾಲ್ಕು ವರ್ಷ ನಾಲ್ಕನೇ ತರಗತಿಗೆ ಪಾಠ ಮಾಡಿದವರು.

ನಮ್ಮ ಬಳಗಕ್ಕೂ ಅಮೆರಿಕದ ರಾಕ್ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮಲ್ಲೊಬ್ಬರು ಅತಿಥಿ ಶಿಕ್ಷಕರು. ಚೆನ್ನಾಗಿ ಹಾಡು ಕಟ್ಟುತ್ತಾರೆ. ಅವರ ಫೋನಿನಲ್ಲಿ ನಲವತ್ತಕ್ಕೂ ಹೆಚ್ಚು ಹಾಡುಗಳು ಹಾಗೇ ಬಿದ್ದಿವೆ. ‘ದುಡ್ಡು ಆದಾಗ ಬೆಂಗಳೂರಿಗೆ ಹೋಗಿ ಸ್ಟುಡಿಯೋದಲ್ಲಿ ಸರಿಯಾಗಿ ಮಾಡಿಸ್ತೀನಿ, ಆಮೇಲೆ ಕೇಳಿಸ್ತೀನಿ’ ಅನ್ನುತ್ತಲೇ ಆರು ವರ್ಷ ಆಯಿತು. ಅವರ ಜೊತೆ ಮಾತಾಡುತ್ತಾ ಈ ಮೇಷ್ಟ್ರ ಕಥೆ ನೆನಪಾಯಿತು. ಬರೆಯೋಣ ಅನ್ನಿಸಿತು.

ಗಲ್ಲಾ ಯಂತ್ರದ ಊರು

ಡೇಟನ್ ಇರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ವಿಮಾನ ಕಂಡುಹಿಡಿದ ರೈಟ್ ಸಹೋದರರ ಸೈಕಲ್ ಅಂಗಡಿ ಇದ್ದ ಊರು. ಅಂಗಡಿಗಳಲ್ಲಿ ದುಡ್ಡಿನ ಲೆಕ್ಕ ಇಡುವ ಕ್ಯಾಶ್ ರಿಜಿಸ್ಟರ್ ಯಂತ್ರವನ್ನು ಜಗತ್ತಿಗೆಲ್ಲ ಮಾರಿದ ಎನ್‌ಸಿಆರ್ ಕಂಪನಿ ಹುಟ್ಟಿದ್ದೂ ಇಲ್ಲಿಯೇ. ವಾಹನ ತಯಾರಿಸುವ ಜನರಲ್ ಮೋಟಾರ್ಸ್‌ನ ಕಾರ್ಖಾನೆಗಳೂ ಸುತ್ತಮುತ್ತ ಇದ್ದವು. ಶಿಫ್ಟ್ ಮುಗಿಸಿ ಮನೆಗೆ ಹೋಗುವ ಕಾರ್ಮಿಕರ ಊರು ಅದು.

ಆಮೇಲೆ ಕೆಲಸಗಳು ಒಂದೊಂದೇ ಹೋದವು. 1960ರ ಜನಗಣತಿಯಲ್ಲಿ ಡೇಟನ್ನಿನ ಜನಸಂಖ್ಯೆ 2 ಲಕ್ಷ 62 ಸಾವಿರ ಇತ್ತು. 2020ರಲ್ಲಿ ಅದು 1 ಲಕ್ಷ 37 ಸಾವಿರಕ್ಕೆ ಇಳಿದಿತ್ತು. ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ 2008ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಮರುವರ್ಷವೇ ಎನ್‌ಸಿಆರ್ ತನ್ನ ಮುಖ್ಯ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದಿತು. ಓದಿದ ಹುಡುಗರು ಊರು ಬಿಡುವುದು ನಮ್ಮ ಕಡೆಯಷ್ಟೇ ಅಲ್ಲಿಯೂ ಮಾಮೂಲು.

ರಾಬರ್ಟ್ ಪೊಲಾರ್ಡ್ ಹುಟ್ಟಿದ್ದು ಇದೇ ಊರಿನಲ್ಲಿ, 1957ರ ಅಕ್ಟೋಬರ್ 31ರಂದು. ಬೆಳೆದದ್ದು ನಾರ್ತ್‌ರಿಡ್ಜ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಹುಡುಗ ಆಟದಲ್ಲಿ ಮುಂದು. ಅಲ್ಲಿನ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುತ್ತಿದ್ದರು. ಇಡೀ ಪಂದ್ಯದಲ್ಲಿ ಎದುರು ತಂಡದ ಒಬ್ಬ ಬ್ಯಾಟುಗಾರನಿಗೂ ಸರಿಯಾದ ಒಂದು ಹೊಡೆತ ಸಿಗದ ಹಾಗೆ ಚೆಂಡು ಎಸೆದರೆ ಅದನ್ನು ‘ನೋ ಹಿಟ್ಟರ್’ ಅನ್ನುತ್ತಾರೆ. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಮೊದಲು ಅದನ್ನು ಮಾಡಿದವರು ಪೊಲಾರ್ಡ್.

ಆಟದ ಜೊತೆಗೆ ಇನ್ನೊಂದು ಹುಚ್ಚಿತ್ತು. ಚಿಕ್ಕಂದಿನಲ್ಲೇ ಇಲ್ಲದ ಬ್ಯಾಂಡುಗಳಿಗೆ ಹೆಸರಿಡುವುದು, ಇಲ್ಲದ ಆಲ್ಬಂಗಳಿಗೆ ರಟ್ಟಿನ ಹೊದಿಕೆ ಮಾಡುವುದು. ಒಳಗೆ ತಟ್ಟೆ ಇಲ್ಲ, ಹಾಡೂ ಇಲ್ಲ. ಹೊದಿಕೆ ಮಾತ್ರ. ಆಮೇಲಿನ ಬದುಕನ್ನು ಆ ಖಾಲಿ ಹೊದಿಕೆಗಳನ್ನು ತುಂಬುವುದರಲ್ಲೇ ಕಳೆದರು ಎಂದರೆ ತಪ್ಪಾಗಲಾರದು.

ಶಾಲೆ ಬಿಟ್ಟ ಮೇಲೆ

ಓದು ಮುಗಿಸಿ ಪೊಲಾರ್ಡ್ ಮೇಷ್ಟ್ರಾದರು. ಮದುವೆಯಾಯಿತು, ಮಕ್ಕಳಾದರು. ಹಗಲು ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಪಾಠ, ಸಂಜೆ ಮತ್ತು ವಾರದ ಕೊನೆಯಲ್ಲಿ ಗೆಳೆಯರ ಜೊತೆ ಹಾಡು. 1983ರಲ್ಲಿ ಗೈಡೆಡ್ ಬೈ ವಾಯ್ಸಸ್ ಶುರುವಾಯಿತು. ತಮ್ಮ ಜಿಮ್ ಪೊಲಾರ್ಡ್, ಜೊತೆಗಾರ ಮಿಚ್ ಮಿಚೆಲ್, ಡ್ರಮ್ ಬಾರಿಸುವ ಕೆವಿನ್ ಫೆನೆಲ್, ಆಮೇಲೆ ಬಂದ ಟೋಬಿನ್ ಸ್ಪ್ರೌಟ್ ಹೀಗೆ ಊರಿನವರೇ ಸೇರಿ ಕಟ್ಟಿದ ಬ್ಯಾಂಡು. ಯಾರೂ ಸಂಗೀತದಿಂದ ಹೊಟ್ಟೆ ಹೊರೆಯುವವರಾಗಿರಲಿಲ್ಲ.

ಇಲ್ಲಿ ‘ಇಂಡಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಅಮೆರಿಕದಲ್ಲಿ ಹಾಡು ಜನರನ್ನು ತಲುಪಲು ದೊಡ್ಡ ಕಂಪನಿಗಳ ದಾರಿಯೇ ಹೆದ್ದಾರಿ. ಕಂಪನಿ ಒಪ್ಪಬೇಕು, ದುಬಾರಿ ಸ್ಟುಡಿಯೋದಲ್ಲಿ ಮುದ್ರಣವಾಗಬೇಕು, ರೇಡಿಯೊದವರು ಹಾಕಬೇಕು. ಈ ಹೆದ್ದಾರಿ ಹತ್ತಲಾಗದವರು, ಹತ್ತಲು ಮನಸ್ಸಿಲ್ಲದವರು ಸಣ್ಣಪುಟ್ಟ ಕಂಪನಿಗಳನ್ನು ಕಟ್ಟಿಕೊಂಡರು. ಕೆಲವು ನೂರು ತಟ್ಟೆ ಒತ್ತಿಸಿ ಅಂಚೆಯಲ್ಲಿ, ಸಣ್ಣ ಅಂಗಡಿಗಳಲ್ಲಿ ಮಾರಿದರು. ಇಂಡಿಪೆಂಡೆಂಟ್ ಅಂದರೆ ಸ್ವತಂತ್ರ. ಅದರ ಚಿಕ್ಕ ರೂಪವೇ ಇಂಡಿ.

ಪೊಲಾರ್ಡ್ ಮೇಷ್ಟ್ರ ಬ್ಯಾಂಡಿಗೆ ಮೊದಮೊದಲು ಸಣ್ಣ ಕಂಪನಿಯೂ ಸಿಗಲಿಲ್ಲ. 1986ರಲ್ಲಿ ಬಂದ ಮೊದಲ ಪುಟ್ಟ ತಟ್ಟೆಗೆ ಸ್ಟುಡಿಯೋ ಬಳಸಿದರು. ಅದರಿಂದ ಏನೂ ಆಗಲಿಲ್ಲ. 1987ರಲ್ಲಿ ಎರಡು ಆಲ್ಬಂ, 1989ರಲ್ಲಿ ಒಂದು, 1990ರಲ್ಲಿ ಇನ್ನೊಂದು. ಎಲ್ಲವೂ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ದು, ಕೆಲವು ನೂರು ಪ್ರತಿಗಳಷ್ಟೇ. ಹಂಚಿದ್ದು ಗೆಳೆಯರಿಗೆ. ಮಿಕ್ಕಿದ್ದು ಮನೆಯಲ್ಲಿ.

ನೀವೇ ಯೋಚಿಸಿ. ಮನೆಯಲ್ಲಿ ಮಕ್ಕಳಿದ್ದಾರೆ, ಕೈಗೆ ಬರುವುದು ಮೇಷ್ಟ್ರ ಸಂಬಳ. ಮತ್ತೆ ಮತ್ತೆ ತಟ್ಟೆ ಒತ್ತಿಸಲು ದುಡ್ಡು ಹೋಗುತ್ತಿದೆ, ಬರುವುದು ಏನೂ ಇಲ್ಲ. ನಮ್ಮ ಮನೆಗಳಲ್ಲಿ ಇಂಥದ್ದಕ್ಕೆ ಏನನ್ನುತ್ತಾರೆ ಎಂದು ನಿಮಗೆ ಗೊತ್ತು. ‘ಇದರಿಂದ ಏನು ಬಂತು?’ ಆ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ.

ನಾಲ್ಕು ಟ್ರ್ಯಾಕಿನ ಪೆಟ್ಟಿಗೆ

ಸ್ಟುಡಿಯೋ ಕೈಗೆಟುಕದಿದ್ದಾಗ ಅವರು ಹಿಡಿದದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ. ಈ ಯಂತ್ರದ ಕೆಲಸ ತಿಳಿಯದೆ ಈ ಕಥೆ ಪೂರ್ತಿ ತಿಳಿಯುವುದಿಲ್ಲ.

ಕ್ಯಾಸೆಟ್ ನಿಮಗೆ ನೆನಪಿರಬಹುದು. ರೀಲು ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದೆವಲ್ಲ, ಅದೇ. ಅದರ ತೆಳ್ಳನೆ ಟೇಪಿನ ಮೇಲೆ ಉದ್ದಕ್ಕೂ ನಾಲ್ಕು ಸಾಲುಗಳಿರುತ್ತವೆ. ಎ ಕಡೆಗೆ ಎರಡು, ಬಿ ಕಡೆಗೆ ಎರಡು. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ‘ಪೋರ್ಟಸ್ಟುಡಿಯೊ’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಆ ನಾಲ್ಕೂ ಸಾಲುಗಳನ್ನು ಒಂದೇ ದಿಕ್ಕಿನಲ್ಲಿ, ಒಂದೊಂದನ್ನೂ ಬೇರೆಬೇರೆಯಾಗಿ ಬಳಸುವ ಯಂತ್ರ ಅದು. ಮೊದಲ ಸಾಲಿನಲ್ಲಿ ಡ್ರಮ್. ಅದನ್ನು ಕೇಳುತ್ತಾ ಎರಡನೆಯದರಲ್ಲಿ ಗಿಟಾರು. ಆಮೇಲೆ ಬೇಸ್ ಗಿಟಾರು, ಕೊನೆಗೆ ದನಿ. ಮನೆಯ ಮೇಜಿನ ಮೇಲೆ ಒಂದು ಇಡೀ ಬ್ಯಾಂಡಿನ ಹಾಡು ತಯಾರು.

ಐದನೇ ವಾದ್ಯ ಬೇಕಾದರೆ? ಮೂರು ಸಾಲುಗಳನ್ನು ಬೆರೆಸಿ ನಾಲ್ಕನೆಯದಕ್ಕೆ ತುಂಬಿ, ಖಾಲಿಯಾದ ಮೂರರಲ್ಲಿ ಮತ್ತೆ ಶುರು ಮಾಡಬೇಕು. ಹೀಗೆ ಪ್ರತಿ ಸಲ ತುಂಬಿದಾಗಲೂ ಟೇಪಿನ ‘ಸ್ಸ್ಸ್’ ಎಂಬ ಸದ್ದು ಹೆಚ್ಚುತ್ತದೆ, ಹಾಡು ಮಸುಕಾಗುತ್ತದೆ. ಹೆಸರಾಂತ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೂಡ 1982ರ ‘ನೆಬ್ರಾಸ್ಕ’ ಆಲ್ಬಮನ್ನು ಇಂಥದ್ದೇ ಪೆಟ್ಟಿಗೆಯಲ್ಲಿ ಮನೆಯಲ್ಲೇ ಮುದ್ರಿಸಿದ್ದರು. ಆದರೆ ಅವರ ಹಿಂದೆ ದೊಡ್ಡ ಕಂಪನಿ ಇತ್ತು. ಡೇಟನ್ನಿನವರ ಹಿಂದೆ ಮನೆಯ ನೆಲಮಾಳಿಗೆಯ ಗೋಡೆ ಇತ್ತು.

ಪೊಲಾರ್ಡ್ ಬ್ಯಾಂಡು ಮನೆಗಳ ನೆಲಮಾಳಿಗೆ, ಕಾರು ನಿಲ್ಲಿಸುವ ಗ್ಯಾರೇಜುಗಳಲ್ಲಿ ಕೂತು ಹಾಡು ಮುದ್ರಿಸಿತು. ಇದರಿಂದ ಎರಡು ಬದಲಾವಣೆಯಾಯಿತು. ಒಂದು, ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡುವುದಿಲ್ಲವಾದ್ದರಿಂದ ಎಷ್ಟು ಹಾಡು ಬೇಕಾದರೂ ಮುದ್ರಿಸಬಹುದಿತ್ತು. ಇನ್ನೊಂದು, ಹಾಡನ್ನು ಎಳೆಯುವ ಅಗತ್ಯ ಬೀಳಲಿಲ್ಲ. ಒಂದು ರಾಗ ಹೊಳೆಯಿತು, ಒಂದೂವರೆ ನಿಮಿಷಕ್ಕೆ ಮುಗಿಯಿತು ಎಂದರೆ ಅಲ್ಲಿಗೇ ಬಿಡುತ್ತಿದ್ದರು. ಪಲ್ಲವಿಯನ್ನು ಮೂರು ಸಲ ತಿರುಗಿಸಿ ನಾಲ್ಕು ನಿಮಿಷ ಮಾಡಲೇಬೇಕು ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೇಷ್ಟ್ರಿಗೆ ನಾಲ್ಕು ಬಗೆಯ ಸಂಗೀತ ಇಷ್ಟ. ಬೀಟಲ್ಸ್‌ನಂಥ ಬಾಯಲ್ಲಿ ನಿಲ್ಲುವ ಪಾಪ್, ಒರಟು ಪಂಕ್, ತಿರುವು ಮುರುವಿನ ಪ್ರೋಗ್ರೆಸಿವ್ ರಾಕ್, ಕನಸಿನಂಥ ಸೈಕೆಡೆಲಿಕ್. ಇಂಗ್ಲಿಷಿನಲ್ಲಿ ನಾಲ್ಕರ ಹೆಸರೂ ‘ಪಿ’ ಅಕ್ಷರದಿಂದ ಶುರುವಾಗುತ್ತವೆ. ನಾಲ್ಕು ‘ಪಿ’ಗಳು ಎಂದು ಅವರೇ ಲೆಕ್ಕ ಹೇಳುತ್ತಾರೆ. ಇವನ್ನೆಲ್ಲ ಚೂರು ಚೂರಾಗಿ ಕತ್ತರಿಸಿ ಅಂಟಿಸಿದ ಹಾಗೆ ಅವರ ಆಲ್ಬಂಗಳು ಇರುತ್ತವೆ. ಹಳೇ ಪತ್ರಿಕೆ, ಪುಸ್ತಕಗಳಿಂದ ಚಿತ್ರ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡುವುದು ಅವರ ಇನ್ನೊಂದು ಹವ್ಯಾಸ. ಎಷ್ಟೋ ಆಲ್ಬಂಗಳ ಹೊದಿಕೆಗಳು ಅವರ ಕೈಯವೇ.

ಕೊನೆಯದು ಅಂದುಕೊಂಡ ತಟ್ಟೆ

1992ರ ಹೊತ್ತಿಗೆ ದುಡ್ಡೂ ಬತ್ತಿತ್ತು, ಉತ್ಸಾಹವೂ ಬತ್ತಿತ್ತು. ಪೊಲಾರ್ಡ್‌ಗೆ ವಯಸ್ಸು ಮೂವತ್ತೈದರ ಹತ್ತಿರ. ರಾಕ್ ಸಂಗೀತದಲ್ಲಿ ಆ ವಯಸ್ಸಿಗೆ ಹೊಸಬರಾಗಿ ಯಾರೂ ಕಾಲಿಡುವುದಿಲ್ಲ. ಕೊನೆಯದಾಗಿ ಒಂದು ಆಲ್ಬಂ ಮಾಡಿ ನಿಲ್ಲಿಸೋಣ ಎಂದುಕೊಂಡರು. ಅದೇ ‘ಪ್ರೊಪೆಲ್ಲರ್’.

ಒತ್ತಿಸಿದ್ದು 500 ಪ್ರತಿ. ಹೊದಿಕೆ ಅಚ್ಚು ಹಾಕಿಸಲು ದುಡ್ಡಿಲ್ಲ. ಬ್ಯಾಂಡಿನವರು, ಗೆಳೆಯರು ಕೂತು 500 ಹೊದಿಕೆಗಳನ್ನೂ ಕೈಯಲ್ಲೇ ಮಾಡಿದರು. ಯಾವುದೋ ಚಿತ್ರ ಅಂಟಿಸಿದರು, ಬಣ್ಣ ಬಳಿದರು. ಒಂದರಂತೆ ಇನ್ನೊಂದಿಲ್ಲ. ಮೊದಲ ಹಾಡಿನ ಮುಂದೆ ಆ ಸುಳ್ಳು ಜೈಕಾರ ಸೇರಿಸಿದರು. ಇವತ್ತು ಆ ಕೈಯಿಂದ ಮಾಡಿದ ಪ್ರತಿಗಳನ್ನು ಸಂಗ್ರಹಕಾರರು ಸಾವಿರಾರು ಡಾಲರ್ ಕೊಟ್ಟು ಕೊಳ್ಳುತ್ತಾರೆ. ಬಡತನಕ್ಕೆ ಮಾಡಿದ್ದೇ ಬೆಲೆಯಾಯಿತು.

ಆ 500ರಲ್ಲಿ ಒಂದು ಪ್ರತಿ ಅದೇ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಊರಿನ ರಾಬರ್ಟ್ ಗ್ರಿಫಿನ್ ಕೈಗೆ ಸಿಕ್ಕಿತು. ಅವರದು ‘ಸ್ಕ್ಯಾಟ್ ರೆಕಾರ್ಡ್ಸ್’ ಎಂಬ ಪುಟ್ಟ ಕಂಪನಿ. ಗ್ರಿಫಿನ್‌ಗೆ ಹಾಡು ಹಿಡಿಸಿತು. ನಿಲ್ಲಿಸಬೇಕು ಅಂದುಕೊಂಡಿದ್ದವರಿಗೆ ಮೊದಲ ಸಲ ಹೊರಗಿನವರೊಬ್ಬರು ‘ನಿಮ್ಮ ಮುಂದಿನದ್ದು ನಾವು ತರುತ್ತೇವೆ’ ಅಂದರು. 1993ರಲ್ಲಿ ‘ವ್ಯಾಂಪೈರ್ ಆನ್ ಟೈಟಸ್’ ಬಂತು. ಟೈಟಸ್ ಅಂದರೆ ಬೇರೇನೂ ಅಲ್ಲ, ಮೇಷ್ಟ್ರ ಮನೆ ಇದ್ದ ಬೀದಿಯ ಹೆಸರು. ಅದೇ ವರ್ಷ ಬ್ಯಾಂಡು ನ್ಯೂಯಾರ್ಕಿಗೆ ಹೋಗಿ, ಪಂಕ್ ಸಂಗೀತದ ತವರು ಎನ್ನಿಸಿಕೊಂಡ ‘ಸಿಬಿಜಿಬಿ’ ಎಂಬ ಕ್ಲಬ್ಬಿನಲ್ಲಿ ಹಾಡಿತು. ನಡು ವಯಸ್ಸಿನ ಮೇಷ್ಟ್ರು ವೇದಿಕೆ ಮೇಲೆ ಕಾಲು ಎತ್ತಿ ಝಾಡಿಸುತ್ತಾ, ಮೈಕು ತಿರುಗಿಸುತ್ತಾ ಹಾಡುವುದನ್ನು ನೋಡಿ ನಗರದ ಜನ ಬೆರಗಾದರು.

ಕಾಲವೂ ಕೂಡಿಬಂದಿತ್ತು ಎನ್ನಬೇಕು. 1991ರಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಗೆದ್ದ ಮೇಲೆ ಸಣ್ಣ ಊರುಗಳ ಬ್ಯಾಂಡುಗಳತ್ತ ಎಲ್ಲರ ಕಣ್ಣು ಹೊರಳಿತ್ತು. ಡೇಟನ್ ಕಡೆಯವರೇ ಆದ ಕಿಮ್ ಡೀಲ್ ಅವರ ‘ಬ್ರೀಡರ್ಸ್’ ಬ್ಯಾಂಡು 1993ರಲ್ಲಿ ದೊಡ್ಡ ಹೆಸರು ಮಾಡಿತು. ಅವರು ಪೊಲಾರ್ಡ್ ಅವರ ಒಂದು ಹಾಡನ್ನು ತಾವೂ ಹಾಡಿ ಹೊರತಂದರು. ಊರಿನವರು ಊರಿನವರ ಕೈ ಹಿಡಿದರು.

ಸೀಮೆಸುಣ್ಣ ಕೆಳಗಿಟ್ಟಾಗ

1994ರಲ್ಲಿ ‘ಬೀ ಥೌಸಂಡ್’ ಬಂತು. ಇಪ್ಪತ್ತು ಹಾಡು, ಒಟ್ಟು 36 ನಿಮಿಷ ಚಿಲ್ಲರೆ. ಮುದ್ರಣವಾದದ್ದು ಅದೇ ನಾಲ್ಕು ಟ್ರ್ಯಾಕಿನ ಪೆಟ್ಟಿಗೆಯಲ್ಲಿ. ಮೊದಲ ಹಾಡಿನ ನಡುವೆ ಗಿಟಾರಿನ ಸದ್ದು ಇದ್ದಕ್ಕಿದ್ದಂತೆ ಕಡಿದುಹೋಗಿ ಮತ್ತೆ ಬರುತ್ತದೆ. ಟೇಪಿನಲ್ಲಿ ಆದ ಎಡವಟ್ಟು. ಬೇರೆಯವರಾಗಿದ್ದರೆ ಮತ್ತೆ ಮುದ್ರಿಸುತ್ತಿದ್ದರು. ಇವರು ಹಾಗೇ ಬಿಟ್ಟರು. ಹಾಡು ಗಟ್ಟಿಯಾಗಿದ್ದರೆ ಅಷ್ಟು ಕುಂದಿಗೆ ಅದು ಬೀಳುವುದಿಲ್ಲ ಎಂಬ ನಂಬಿಕೆ.

ಆ ಆಲ್ಬಮಿನ ಒಂದು ಹಾಡಿನ ಹೆಸರಿನಲ್ಲಿ ‘ಗೋಲ್ಡ್ ಸ್ಟಾರ್’ ಎಂಬ ಮಾತು ಬರುತ್ತದೆ. ಅಮೆರಿಕದ ಶಾಲೆಗಳಲ್ಲಿ ಚೆನ್ನಾಗಿ ಬರೆದ ಮಗುವಿನ ಹಾಳೆಗೆ ಮೇಷ್ಟ್ರು ಚಿನ್ನದ ಬಣ್ಣದ ನಕ್ಷತ್ರ ಅಂಟಿಸುತ್ತಾರೆ. ಹಗಲಿನ ತರಗತಿ ರಾತ್ರಿಯ ಹಾಡಿಗೆ ಹೀಗೆ ನುಸುಳುತ್ತಿತ್ತು. ಮೇಷ್ಟ್ರ ಕೆಲಸ ಹಾಡಿಗೆ ಅಡ್ಡ ಎಂದು ನೋಡುವ ಬದಲು ಹಾಡಿಗೆ ಹೊಲ ಎಂದೂ ನೋಡಬಹುದು.

ಬೀ ಥೌಸಂಡನ್ನು ವಿಮರ್ಶಕರು ಹೊಗಳಿದರು. 1990ರ ದಶಕದ ಉತ್ತಮ ಆಲ್ಬಂಗಳ ಪಟ್ಟಿಗಳಲ್ಲಿ ಇವತ್ತಿಗೂ ಅದರ ಹೆಸರು ಕಾಣಿಸುತ್ತದೆ. ಆ ಹೊತ್ತಿಗೆ ಪೊಲಾರ್ಡ್ ಹದಿನಾಲ್ಕು ವರ್ಷದ ಮೇಷ್ಟ್ರ ಕೆಲಸ ಬಿಟ್ಟರು. ವಯಸ್ಸು ಮೂವತ್ತಾರು ದಾಟಿತ್ತು. ಕಾಯಂ ಸಂಬಳದ ಸರ್ಕಾರಿ ಶಾಲೆ ನೌಕರಿ, ಮನೆಯಲ್ಲಿ ಮಕ್ಕಳು. ಬಿಡುವುದು ಸುಲಭದ ಮಾತಲ್ಲ. ಒಂದು ವಿಷಯ ಗಮನಿಸಿ. ಬ್ಯಾಂಡು ಕಟ್ಟಿ ಹತ್ತು ವರ್ಷ ದಾಟುವವರೆಗೂ ಅವರು ನೌಕರಿ ಬಿಡಲಿಲ್ಲ. ಕೆಲಸ ಬಿಟ್ಟು ಕನಸಿನ ಹಿಂದೆ ಓಡಿ ಎಂದು ಫೋನಿನ ವಿಡಿಯೊಗಳಲ್ಲಿ ಹೇಳುವವರು ಇದನ್ನು ಹೇಳುವುದಿಲ್ಲ.

ಹತ್ತು ಡಾಲರ್, ಒಂದು ಲಕ್ಷ ಡಾಲರ್

ಮುಂದಿನ ಆಲ್ಬಂ ‘ಏಲಿಯನ್ ಲೇನ್ಸ್’ 1995ರಲ್ಲಿ ಬಂತು. ಈ ಸಲ ನ್ಯೂಯಾರ್ಕಿನ ‘ಮ್ಯಾಟಡೋರ್’ ಕಂಪನಿ. ಆ ಬ್ಯಾಂಡಿನಲ್ಲಿ ಸ್ವಲ್ಪ ಕಾಲ ಬೇಸ್ ಗಿಟಾರು ನುಡಿಸಿ, ಆಮೇಲೆ ಅದರ ಇತಿಹಾಸವನ್ನೂ ಬರೆದ ಜೇಮ್ಸ್ ಗ್ರೀರ್ ಒಂದು ಲೆಕ್ಕ ಕೊಡುತ್ತಾರೆ. ಕಂಪನಿ ಕೊಟ್ಟ ಮುಂಗಡ ಹೆಚ್ಚುಕಡಿಮೆ ಒಂದು ಲಕ್ಷ ಡಾಲರ್. ಬಿಯರಿನ ಖರ್ಚು ಬಿಟ್ಟರೆ ಮುದ್ರಣಕ್ಕೆ ಆದ ಖರ್ಚು ಸುಮಾರು ಹತ್ತು ಡಾಲರ್. ದುಡ್ಡು ಬಂದ ಮೇಲೂ ಅವರು ಅದೇ ಪೆಟ್ಟಿಗೆಯಲ್ಲಿ 28 ಹಾಡು ಮುದ್ರಿಸಿ 41 ನಿಮಿಷಕ್ಕೆ ಮುಗಿಸಿದ್ದರು.

ಈ ಬಗೆಯ ಒರಟು ಮುದ್ರಣಕ್ಕೆ ‘ಲೋ ಫೈ’ ಎಂಬ ಹೆಸರು ಬಂತು. ಪತ್ರಿಕೆಗಳು ಅದನ್ನೊಂದು ಶೈಲಿ ಎಂದು ಬರೆದವು. ಇದರಲ್ಲೊಂದು ತಮಾಷೆ ಇದೆ. ಗುಡಿಸಲು ಕಟ್ಟಿದವನಿಗೆ ಅದು ಶೈಲಿಯಲ್ಲ, ಕೈಲಾದದ್ದು. ಆಮೇಲೆ ಅದೇ ರೂಪದ ರೆಸಾರ್ಟ್ ಕಟ್ಟಿದವರಿಗೆ ಶೈಲಿ. ಲೋ ಫೈ ಎಂಬ ಹಣೆಪಟ್ಟಿಯೇ ಮುಂದೆ ಪೊಲಾರ್ಡ್‌ಗೆ ಬಿಗಿಯಾಯಿತು. 1999ರಲ್ಲಿ ‘ಕಾರ್ಸ್’ ಬ್ಯಾಂಡಿನ ರಿಕ್ ಒಕಾಸೆಕ್ ಅವರ ನಿರ್ಮಾಣದಲ್ಲಿ, ದೊಡ್ಡ ಸ್ಟುಡಿಯೋದಲ್ಲಿ ‘ಡೂ ದ ಕೊಲ್ಯಾಪ್ಸ್’ ಮಾಡಿದಾಗ ಹಳೇ ಅಭಿಮಾನಿಗಳು ತುಂಬ ನಯವಾಯಿತು ಎಂದು ಮುಖ ತಿರುಗಿಸಿದರು. ರೇಡಿಯೊದಲ್ಲಿ ಗೆಲ್ಲಲಿ ಎಂದು ಮಾಡಿದ್ದು, ಅಲ್ಲಿಯೂ ದೊಡ್ಡದಾಗಿ ಗೆಲ್ಲಲಿಲ್ಲ. 2002ರಲ್ಲಿ ಅವರು ಮತ್ತೆ ಮ್ಯಾಟಡೋರ್‌ಗೆ ಬಂದರು.

ಕೂಡಿದವರು, ಬಿಟ್ಟುಹೋದವರು

ಈ ಕಥೆಯನ್ನು ಬರೀ ಗೆಲುವಿನ ಕಥೆಯಾಗಿ ಹೇಳಿದರೆ ಮೋಸವಾಗುತ್ತದೆ. ನೆಲಮಾಳಿಗೆಯಲ್ಲಿ ಜೊತೆಗೆ ಕೂತಿದ್ದವರು 1996ರ ಹೊತ್ತಿಗೆ ಚದುರಿದರು. ಸೊಗಸಾದ ಹಾಡುಗಳನ್ನು ಬರೆಯುತ್ತಿದ್ದ ಟೋಬಿನ್ ಸ್ಪ್ರೌಟ್ ಮನೆ, ಮಗು, ಚಿತ್ರಕಲೆಯ ಕಡೆ ಹೊರಟರು. ಮರುವರ್ಷ ಪೊಲಾರ್ಡ್ ಕ್ಲೀವ್‌ಲ್ಯಾಂಡಿನ ಇನ್ನೊಂದು ಬ್ಯಾಂಡಿನವರನ್ನು ಕರೆತಂದು ಅದೇ ಹೆಸರಿನಲ್ಲಿ ಮುಂದುವರಿದರು. ಅಲ್ಲಿಂದ ಎಷ್ಟೋ ಜನ ಬಂದರು, ಹೋದರು. ಮೊದಲಿನಿಂದ ಇವತ್ತಿನವರೆಗೆ ಬ್ಯಾಂಡಿನಲ್ಲಿ ಉಳಿದವರು ಪೊಲಾರ್ಡ್ ಒಬ್ಬರೇ.

ವೇದಿಕೆಯ ಮೇಲೆ ಬಿಯರ್ ತುಂಬಿದ ಐಸ್ ಪೆಟ್ಟಿಗೆ ಇಟ್ಟುಕೊಂಡು ಕುಡಿಯುತ್ತಾ ಹಾಡುವುದು ಅವರ ಹೆಗ್ಗುರುತೇ ಆಗಿತ್ತು. ಅಭಿಮಾನಿಗಳು ಅದನ್ನು ಸಂಭ್ರಮಿಸಿದರು. ನಮಗೆ ಅದರಲ್ಲಿ ಸಂಭ್ರಮಿಸುವಂಥದ್ದೇನೂ ಕಾಣುವುದಿಲ್ಲ. ಕಲಾವಿದನಿಗೆ ಕುಡಿತ ಇರಲೇಬೇಕು ಎಂಬ ಮಾತು ನಮ್ಮ ಊರುಗಳ ಎಷ್ಟು ನಾಟಕದವರನ್ನು, ಹಾಡುಗಾರರನ್ನು ತಿಂದಿದೆ ಎಂದು ಎಲ್ಲರೂ ಕಂಡಿದ್ದೇವೆ.

2004ರಲ್ಲಿ ಬ್ಯಾಂಡನ್ನು ನಿಲ್ಲಿಸುವುದಾಗಿ ಹೇಳಿದರು. ಆ ಡಿಸೆಂಬರ್ 31ರ ರಾತ್ರಿ ಶಿಕಾಗೊದ ‘ಮೆಟ್ರೊ’ದಲ್ಲಿ ಗಂಟೆಗಟ್ಟಲೆ ಹಾಡಿ ಕಳಿಸಿಕೊಟ್ಟರು. 2010ರಲ್ಲಿ ಮ್ಯಾಟಡೋರ್ ಕಂಪನಿಯ 21ನೇ ವರ್ಷದ ಹಬ್ಬಕ್ಕೆ ಲಾಸ್ ವೇಗಸ್‌ನಲ್ಲಿ ಹಳೇ ಗೆಳೆಯರು ಮತ್ತೆ ಕೂಡಿದರು. 2012 ಒಂದೇ ವರ್ಷದಲ್ಲಿ ಮೂರು ಆಲ್ಬಂ ತಂದರು. 2014ರಲ್ಲಿ ಮತ್ತೆ ಚದುರಿದರು. 2016ರಲ್ಲಿ ಎಲ್ಲ ವಾದ್ಯಗಳನ್ನೂ ಪೊಲಾರ್ಡ್ ಒಬ್ಬರೇ ನುಡಿಸಿ ಆ ಹೆಸರಿನಲ್ಲಿ ಒಂದು ಆಲ್ಬಂ ತಂದರು. ಆಮೇಲೆ ಹೊಸ ಬಳಗ ಕಟ್ಟಿದರು.

ಸೂಟ್‌ಕೇಸಿನ ಹಾಡುಗಳು

ಪೊಲಾರ್ಡ್ ಹತ್ತಿರ ಒಂದು ಸೂಟ್‌ಕೇಸು ಇತ್ತು. ವರ್ಷಗಳಿಂದ ಮುದ್ರಿಸಿ ಯಾವ ಆಲ್ಬಮಿಗೂ ಸೇರದ ಹಾಡುಗಳ ಕ್ಯಾಸೆಟ್ಟುಗಳನ್ನು ಅದರಲ್ಲಿ ತುಂಬಿಡುತ್ತಿದ್ದರು. 2000ದಲ್ಲಿ ಅದರೊಳಗಿನ 100 ಹಾಡು ತೆಗೆದು ‘ಸೂಟ್‌ಕೇಸ್’ ಎಂಬ ಹೆಸರಿನಲ್ಲೇ ಹೊರತಂದರು. ಹುಡುಗಾಟದ ದಿನಗಳ ಹಾಗೆ ಪ್ರತಿ ಹಾಡಿಗೂ ಇಲ್ಲದ ಒಂದು ಬ್ಯಾಂಡಿನ ಹೆಸರು ಕೊಟ್ಟರು. ಆಮೇಲೆ ಇನ್ನೂ ಮೂರು ಸಲ, ಪ್ರತಿ ಸಲವೂ 100 ಹಾಡು. ಬಿಸಾಡಿದ್ದು ಎಂದುಕೊಂಡದ್ದೇ 400 ಹಾಡು.

ಇವತ್ತಿಗೆ ಅವರು ಬರೆದ ಹಾಡುಗಳು 2000ಕ್ಕೂ ಹೆಚ್ಚು. 2017ರಲ್ಲಿ ಬಂದ ‘ಆಗಸ್ಟ್ ಬೈ ಕೇಕ್’ ಅವರ ನೂರನೇ ಆಲ್ಬಂ. 2019ರ ಡಿಸೆಂಬರ್ 31ರಂದು ಲಾಸ್ ಏಂಜಲೀಸ್‌ನಲ್ಲಿ ಒಂದೇ ಕಾರ್ಯಕ್ರಮದಲ್ಲಿ 100 ಹಾಡು ಹಾಡಿದರು. ಆಗ ಅವರಿಗೆ ವಯಸ್ಸು 62. ಕೊರೊನಾ ಬಂದು ಎಲ್ಲರೂ ಮನೆ ಸೇರಿದಾಗ, ಬ್ಯಾಂಡಿನವರು ಅವರವರ ಮನೆಯಲ್ಲೇ ನುಡಿಸಿ ಕಳಿಸಿದ್ದನ್ನು ಜೋಡಿಸಿ 2020ರಲ್ಲಿ ಒಂದು ಆಲ್ಬಂ ಮಾಡಿದರು. ಮನೆಯಲ್ಲಿ ಮುದ್ರಿಸುವುದು ಜಗತ್ತಿಗೆ ಹೊಸದಾಗಿತ್ತು, ಇವರಿಗೆ ಹಳೆಯದು. ಈಗ ಆಲ್ಬಂಗಳು ಬರುವುದು ಅವರದೇ ಹೆಸರಿನ ಕಂಪನಿಯಿಂದ. ಇಷ್ಟೆಲ್ಲ ಆದರೂ ಡೇಟನ್ ಬಿಟ್ಟು ದೊಡ್ಡ ನಗರಕ್ಕೆ ಮನೆ ಬದಲಿಸಲಿಲ್ಲ.

2000 ಹಾಡೂ ಚೆನ್ನಾಗಿವೆಯೇ? ಇಲ್ಲ. ಅವರ ಕಟ್ಟಾ ಅಭಿಮಾನಿಗಳೇ ಇಲ್ಲ ಅನ್ನುತ್ತಾರೆ. ಅರ್ಧಕ್ಕೆ ನಿಂತವು, ಸಪ್ಪೆಯಾದವು, ಹಿಂದಿನದರಂತೆಯೇ ಕೇಳುವವು ಬೇಕಾದಷ್ಟಿವೆ. ಆದರೆ ಸಪ್ಪೆ ಹಾಡು ಬಂದೀತು ಎಂದು ಹೆದರಿ ಕೂತಿದ್ದರೆ ಒಳ್ಳೆಯ ಹಾಡೂ ಬರುತ್ತಿರಲಿಲ್ಲ. ಯಾವ ಬೀಜ ಮೊಳೆಯುತ್ತದೆ ಎಂದು ಬಿತ್ತುವಾಗಲೇ ಗೊತ್ತಿದ್ದರೆ ರೈತ ಒಂದೇ ಬೀಜ ಹಾಕಿ ಮನೆಗೆ ಬರುತ್ತಿದ್ದ.

ಮೊದಲು ಹಾಡು, ಆಮೇಲೆ ಕೇಳುವವರು

ನಾವು ಈ ಬಳಗ ಕಟ್ಟಿದವರು ಡಿಪ್ಲೊಮಾ ಮುಗಿಸಿ ಊರಿಗೆ ಬಂದವರು. ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ದುಡ್ಡು ಪಡೆಯುವವರು. ಬರೆದದ್ದರಲ್ಲಿ ಮುಕ್ಕಾಲು ಅಚ್ಚಾಗುವುದಿಲ್ಲ. ಹಾಗಾಗಿ ಈ ಮೇಷ್ಟ್ರ ಕಥೆಯಲ್ಲಿ ನಮಗೆ ಹತ್ತಿರವೆನಿಸಿದ್ದು ಅವರ ಲಕ್ಷ ಡಾಲರ್ ಅಲ್ಲ, ಅದಕ್ಕೆ ಹಿಂದಿನ ಆ ಹತ್ತು ವರ್ಷ.

ಆ ಹತ್ತು ವರ್ಷ ಅವರಿಗೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಅವರೂ ಕೇಳಲಿಲ್ಲ. ಇರುವ ಯಂತ್ರದಲ್ಲಿ, ಇರುವ ಗೆಳೆಯರ ಜೊತೆ, ಇರುವ ಸಂಜೆಗಳಲ್ಲಿ ಹಾಡು ಮಾಡಿ ಮುಗಿಸಿದರು. ಮುಗಿಸಿದರು ಎಂಬ ಮಾತು ಇಲ್ಲಿ ಮುಖ್ಯ. ಗ್ರಿಫಿನ್ ಕೈಗೆ ಒಂದು ತಟ್ಟೆ ಸಿಕ್ಕಿದ್ದು ಅದೃಷ್ಟವೇ ಇರಬಹುದು. ಆದರೆ ಸಿಗಲು ಒಂದು ತಟ್ಟೆ ಅಂತ ಇತ್ತು. ಹಾಡು ತಲೆಯಲ್ಲೇ ಉಳಿದಿದ್ದರೆ ಅದೃಷ್ಟ ಬಂದು ಬಾಗಿಲು ತಟ್ಟಿದರೂ ಕೊಡಲು ಏನೂ ಇರುತ್ತಿರಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಹತ್ತಲ್ಲ, ಮೂವತ್ತು ವರ್ಷ ಹಾಡಿಯೂ ಯಾರ ಕಿವಿಗೂ ಬೀಳದೆ ಹೋದವರು ಡೇಟನ್ನಿನಲ್ಲೂ ಇದ್ದಾರು, ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಹಾಡು ದಂಡ ಎಂದು ಹೇಳುವ ಧೈರ್ಯ ನಮಗಿಲ್ಲ. ಪೊಲಾರ್ಡ್ ಮೇಷ್ಟ್ರು 1992ರಲ್ಲಿ ನಿಜವಾಗಿಯೂ ನಿಲ್ಲಿಸಿದ್ದರೆ ಪ್ರೊಪೆಲ್ಲರ್‌ನ ಹಾಡುಗಳು ಈಗಿರುವಷ್ಟೇ ಚೆನ್ನಾಗಿರುತ್ತಿದ್ದವು. ಕೇಳುವವರು ಕಡಿಮೆ ಇರುತ್ತಿದ್ದರು, ಅಷ್ಟೇ.

ನಾಲ್ಕು ಟ್ರ್ಯಾಕಿನ ಆ ಪೆಟ್ಟಿಗೆಗಿಂತ ಹೆಚ್ಚಿನ ಶಕ್ತಿ ಈಗ ನಿಮ್ಮ ಕೈಯಲ್ಲಿರುವ ಫೋನಿಗಿದೆ. ನಾಲ್ಕಲ್ಲ, ಹತ್ತಾರು ಸಾಲುಗಳಲ್ಲಿ ಮುದ್ರಿಸುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ.

ಈ ಬರಹದ ಮೊದಲ ಕರಡನ್ನು ನಮ್ಮ ಅತಿಥಿ ಶಿಕ್ಷಕರಿಗೆ ಓದಿ ಹೇಳಿದೆವು. ಎಲ್ಲ ಕೇಳಿ, ‘ಆ ಸುಳ್ಳು ಜೈಕಾರ ಇನ್ನೊಂದು ಸಲ ಓದಿ’ ಅಂದರು. ಓದಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ತೆಗೆದು ಒಂದು ಹಾಡು ಹಾಕಿದರು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಯಾರದೋ ಮಗು ಅಳುತ್ತಿತ್ತು. ಹಾಡು ಚೆನ್ನಾಗಿತ್ತು. ಮುಗಿದ ಮೇಲೆ ನಾವು ನಾಲ್ಕು ಜನ ಚಪ್ಪಾಳೆ ತಟ್ಟಿದೆವು.